'ದೂದೊ' ಎಂಬ ಒಂದು ಮಾತು

ಮಗಳು ತಂದುಕೊಟ್ಟ ಪೆಟ್ಟಿಗೆಯಲ್ಲಿ ಒಬ್ಬೊಬ್ಬರಿಗೆ 5 ದಾಳ, ಒಂದೊಂದು ಲೋಟ, ಜೊತೆಗೆ ಇಂಗ್ಲಿಷಿನ ನಿಯಮದ ಹಾಳೆ. ಆಟ ಪೆರು, ಚಿಲಿ, ಬೊಲಿವಿಯಾ ಕಡೆಯದು. ಹಾಳೆಯಲ್ಲಿ ಮಾತ್ರ ಅದಕ್ಕೆ 'ಸುಳ್ಳುಗಾರನ ದಾಳ' ಎಂಬರ್ಥದ ಹೆಸರು. ಒಂದೂ ಸ್ಪ್ಯಾನಿಷ್ ಮಾತಿಲ್ಲ. ನನ್ನ ತಕರಾರು ಇಲ್ಲೇ.

ಎಲ್ಲರೂ ದಾಳ ಕುಲುಕಿ, ಲೋಟ ಬೋರಲು ಹಾಕಿ, ತಂತಮ್ಮದನ್ನಷ್ಟೇ ಕದ್ದು ನೋಡಿಕೊಳ್ಳಬೇಕು. ಒಬ್ಬರು, 'ಎಲ್ಲರದೂ ಸೇರಿ ಐದರ ಮುಖ ಕಡಿಮೆಯೆಂದರೂ ಏಳಿವೆ' ಅನ್ನುತ್ತಾರೆ. ಮುಂದಿನವರು ಅದನ್ನು ಏರಿಸಬೇಕು, ಇಲ್ಲವೇ ಪ್ರಶ್ನಿಸಬೇಕು. ಪ್ರಶ್ನಿಸಿದರೆ ಲೋಟಗಳೆಲ್ಲ ಮೇಲೇಳುತ್ತವೆ. ಅಷ್ಟು ಇಲ್ಲದಿದ್ದರೆ ಹೇಳಿದವರ ಒಂದು ದಾಳ ಹೋಯಿತು, ಇದ್ದರೆ ಪ್ರಶ್ನಿಸಿದವರದು. ಹಾಗೆ ಪ್ರಶ್ನಿಸುವಾಗ 'ಸುಳ್ಳುಗಾರ' ಎಂದು ಕೂಗಬೇಕೆನ್ನುತ್ತದೆ ಹಾಳೆ.

ಮಗಳು ಚಿಲಿಯ ಗೆಳತಿಯಿಂದ ಅಲ್ಲಿನ ಮಾತುಗಳನ್ನು ಬರೆಸಿಕೊಂಡು ಬಂದಿದ್ದಳು. ಅಡುಗೆಮನೆಯಲ್ಲಿ ಬಾಯಿಪಾಠ ಮಾಡಿದೆ. ಲೋಟಕ್ಕೆ 'ಕಾಚೊ', ಎಂದರೆ ಕೊಂಬು. ಐದರ ಮುಖ 'ಕೀನಾಸ್'. ಎರಡರ ಮುಖ 'ತೋಂತೊಸ್', ಪೆದ್ದರು! ಒಂದರ ಮುಖ 'ಆಸೆಸ್'. ಅದು ಬೇರೆ ಯಾವ ಸಂಖ್ಯೆಯ ಲೆಕ್ಕಕ್ಕಾದರೂ ಸೇರಿಕೊಳ್ಳುತ್ತದೆ. ನಮ್ಮ ಆಸೆಗೂ ಅದಕ್ಕೂ ನಂಟಿಲ್ಲವೆಂದು ಗೊತ್ತಿದ್ದೂ ನಕ್ಕೆ. ಹೇಳಿದ ಲೆಕ್ಕ ಕರಾರುವಾಕ್ಕಾಗಿದೆ ಎನಿಸಿದರೆ 'ಕಾಲ್ಸೊ' ಅನ್ನಬೇಕು. ಕಾಲಿಗೆ ಬೂಟು ಹೊಂದುವುದಕ್ಕೂ ಅದೇ ಕ್ರಿಯಾಪದ.

ಇನ್ನು, ಪ್ರಶ್ನಿಸುವ ಮಾತು 'ದೂದೊ'. 'ನನಗೆ ಅನುಮಾನ' ಎಂದಷ್ಟೇ ಅರ್ಥ. 'ನಾನು' ಎಂಬುದು ಆ ಕ್ರಿಯಾಪದದ ತುದಿಯಲ್ಲೇ ಕೂತಿದೆ, ನಮ್ಮ 'ನಂಬೆ', 'ಒಪ್ಪೆ'ಗಳಲ್ಲಿ ಕೂತ ಹಾಗೆ. 'ಸುಳ್ಳುಗಾರ' ಎಂದರೆ ಎದುರಿನವರತ್ತ ಬೆರಳು ಚಾಚಿದಂತೆ. 'ದೂದೊ' ಎಂದವಳು ತನ್ನ ಮನಸ್ಸಿನದನ್ನು ಹೇಳುತ್ತಾಳೆ. ತಪ್ಪಿದರೆ ದಾಳವನ್ನೂ ತಾನೇ ತೆರುತ್ತಾಳೆ. ಹಾಳೆ ಬರೆದವರು ಈ ಒಂದು ಮಾತನ್ನು ಬಿಟ್ಟು ಆಟದ ಮರ್ಯಾದೆಯನ್ನೇ ಕಳೆದರು.

ತವರಿನ ಆಸ್ತಿಪತ್ರಕ್ಕೆ ರುಜು ಹಾಕಿದ ದಿನ ನನಗೂ ಅನುಮಾನವಿತ್ತು. ಅಣ್ಣನನ್ನು ಸುಳ್ಳುಗಾರ ಅನ್ನುವುದು ಹೇಗೆಂದು ಸುಮ್ಮನಾದೆ. ಯಾರನ್ನೂ ಬೈಯದೆ ಅನುಮಾನ ಹೇಳುವ ಮಾತೊಂದು ಆಗ ನನ್ನ ಬಾಯಲ್ಲಿರಲಿಲ್ಲ. 'ನಂಬೆ' ನಮ್ಮಲ್ಲೇ ಇತ್ತಲ್ಲ! ನಮ್ಮ ಹೆಣ್ಣುಮಕ್ಕಳಿಗೆ ಅದನ್ನು ಆಡಿ ಅಭ್ಯಾಸವಿಲ್ಲ, ಅಷ್ಟೆ.

ಮೊನ್ನೆ ಮಗಳೆದುರು ಮೊದಲ ಸಲ 'ದೂದೊ' ಅಂದೆ. ತಪ್ಪಾಯಿತು, ಒಂದು ದಾಳ ಹೋಯಿತು. ಅವಳು ಮುನಿಸಿಕೊಳ್ಳಲಿಲ್ಲ. "ಆಡಮ್ಮ, ಇನ್ನೂ ನಾಲ್ಕಿವೆ" ಅಂದಳು.