ಗೇಟಿನ ಬಳಿ ನಡೆದ ಅಪರಾಧ

ವಿವೇಕ ಶಾನಭಾಗರ ಕಾದಂಬರಿ ‘ಘಾಚರ್ ಘೋಚರ್’ 2013ರಲ್ಲಿ ಪುಸ್ತಕವಾಗಿ ಬಂತು. 2015ರಲ್ಲಿ ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದ ಬಂದ ಮೇಲೆ ಹೊರಗಿನವರೂ ಕೊಂಡಾಡಿದರು. ಕೊಂಡಾಟಕ್ಕೆ ನನ್ನ ತಕರಾರಿಲ್ಲ, ಅದಕ್ಕೆ ಕೊಟ್ಟ ಕಾರಣಕ್ಕಿದೆ. ಜಾಗತೀಕರಣದ ಬೆಂಗಳೂರು, ದಿಢೀರ್ ದುಡ್ಡು, ಕೆಟ್ಟುಹೋದ ಮಧ್ಯಮವರ್ಗ ಎಂದು ಮೂರು ಮಾತಿನಲ್ಲಿ ಮುಗಿಸುವವರು ಇದೊಂದು ಅಪರಾಧದ ಕಥೆ ಎಂಬುದನ್ನೇ ಮರೆಯುತ್ತಾರೆ.

ಸುಹಾಸಿನಿ ಎಂಬ ಹೆಂಗಸು ನಿರೂಪಕನ ಮನೆಯ ಗೇಟಿಗೆ ಬರುವ ಪ್ರಸಂಗ ನೋಡಿ. ಅವನ ಚಿಕ್ಕಪ್ಪನಿಗೆ ಇಷ್ಟವೆಂದು ಮಸೂರ್ ಬೇಳೆಯ ಅಡುಗೆ ಮಾಡಿ ತಂದವಳು ಅವಳು. ನಿರೂಪಕನ ಅಮ್ಮ, ಸಹೋದರಿ ಮಾಲತಿ ಸೇರಿ ಅವಳನ್ನು ಬಾಯಿಗೆ ಬಂದಂತೆ ಬೈದು ಓಡಿಸುತ್ತಾರೆ. ಚಿಕ್ಕಪ್ಪ ಒಳಗಿಂದ ಹೊರಗೆ ಬರುವುದಿಲ್ಲ. ಸೋನಾ ಮಸಾಲಾ ಕಂಪನಿ ನಡೆಸಿ ಮನೆಮಂದಿಯನ್ನೆಲ್ಲ ಸಾಕುವ ಆ ಮನುಷ್ಯನಿಗೆ ಬಾಯಿ ಬಿಡುವ ಅಗತ್ಯವೂ ಇಲ್ಲ. ಅವನ ಪರವಾಗಿ ಕಚ್ಚಲು ಮನೆಯೇ ಇದೆ. ನಿರೂಪಕ ಎಲ್ಲವನ್ನೂ ಚೊಕ್ಕವಾಗಿ ವರದಿ ಮಾಡುತ್ತಾನೆ. ಯಾರು ಏನೆಂದರು, ಯಾರು ಮುಂದೆ ನುಗ್ಗಿದರು, ಎಲ್ಲ ಅವನಿಗೆ ಗೊತ್ತು. ತಾನೇನು ಮಾಡಿದೆ ಎಂಬ ಪ್ರಶ್ನೆ ಬಂದಾಗ ಮಾತ್ರ ಆ ಜಾಗ ಖಾಲಿ. ಶಾನಭಾಗರ ತಂತ್ರವೆಲ್ಲ ಈ ಖಾಲಿ ಜಾಗದಲ್ಲಿದೆ. ಅವನ ಸಭ್ಯ, ಮೆತ್ತನೆಯ ದನಿಯನ್ನು ನಂಬುತ್ತ ನಾವೂ ಸುಮ್ಮನೆ ನಿಂತುಬಿಡುತ್ತೇವೆ. ನಿರೂಪಕನ ಹೆಂಡತಿ ಅನಿತಾ ಒಬ್ಬಳೇ ಆ ಬೈಗುಳವನ್ನು ತಪ್ಪೆಂದು ಎದುರು ನಿಂತು ಹೇಳುತ್ತಾಳೆ. ಅವಳಿಗೆ ಆ ಮನೆಯಲ್ಲಿ ಉಳಿಗಾಲವಿಲ್ಲವೆಂದು ನನಗೆ ಗೊತ್ತಾದದ್ದು ಅಲ್ಲೇ. ಹಳೆಯ ಮನೆಯಲ್ಲಿ ಇರುವೆಗಳನ್ನು ಸಾಯಿಸುತ್ತ ಸಾಯಿಸುತ್ತ ಅದರಲ್ಲೇ ಸುಖ ಕಂಡವರು ಈ ಮನೆಯವರು.

ಕೊನೆಯಲ್ಲಿ ಕೊಲೆಯ ಮಾತು ಹರಟೆಯೆಂಬಂತೆ ಬರುತ್ತದೆ, ಹೈದರಾಬಾದಿಗೆ ಹೋದ ಅನಿತಾ ಇನ್ನೂ ಬಂದಿಲ್ಲ. ಏನಾಯಿತೆಂದು ಲೇಖಕರು ಹೇಳಬೇಕಿತ್ತು ಎನ್ನುವವರು ಗೇಟಿನ ಬಳಿಯ ಸಾಕ್ಷ್ಯವನ್ನು ಇನ್ನೊಮ್ಮೆ ಓದಲಿ. ಮೌನಕ್ಕೆ ಅಲ್ಲೇ ಒಮ್ಮೆ ಒಪ್ಪಿಕೊಂಡಾಗಿದೆ.

ನಮ್ಮ ವಿಮರ್ಶೆಗೆ ರೋಚಕತೆಯೆಂದರೆ ಮೊದಲಿನಿಂದಲೂ ಮೈಲಿಗೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ನಾಡೆಲ್ಲ ಓದಿತು, ವಿಮರ್ಶಕರು ಹೊಸಿಲಾಚೆಯೇ ನಿಲ್ಲಿಸಿದರು. ಮನೋವೈಜ್ಞಾನಿಕ ಕಾದಂಬರಿಯೆಂದರೆ ತ್ರಿವೇಣಿ ಎಂದು ಒಂದು ಕಪಾಟು ಮಾಡಿಟ್ಟರು. ಅವರ ‘ಶರಪಂಜರ’ದಲ್ಲಿ ಹೆಂಡತಿಯ ಕಾಯಿಲೆಗೆ ಹೆಸರಿದೆ, ಆಸ್ಪತ್ರೆಯಿದೆ. ‘ಘಾಚರ್ ಘೋಚರ್’ನಲ್ಲಿ ಕಾಯಿಲೆ ಬಿದ್ದದ್ದು ಇಡೀ ಮನೆ, ತಮ್ಮಷ್ಟು ಆರೋಗ್ಯವಂತರಿಲ್ಲವೆಂದು ಅವರ ನಂಬಿಕೆ. ಈ ಎರಡು ಕಾದಂಬರಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು.

ಜಾಗತೀಕರಣದ ವಿವರಣೆಯಂತೂ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನ ಸೀಮೆಯಲ್ಲಿ ಕೂತು ಓದಿದರೆ ನಿಲ್ಲುವುದೇ ಇಲ್ಲ. ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರ, ಎಣ್ಣೆ ಮಿಲ್ಲುಗಳಿಂದ ಮನೆತನಗಳು ಮೇಲೆದ್ದದ್ದು 1991ರ ಆರ್ಥಿಕ ಉದಾರೀಕರಣಕ್ಕೆ ಎಷ್ಟೋ ಮೊದಲು. ದುಡಿಯುವವನೊಬ್ಬ, ಅವನ ಮರ್ಜಿ ಕಾಯುತ್ತ ಕೂತವರು ಮನೆತುಂಬ: ಕೂಡುಕುಟುಂಬದ ಈ ಏರ್ಪಾಡಿಗೆ ಯಾವ ಆರ್ಥಿಕ ನೀತಿಯೂ ಬೇಕಿರಲಿಲ್ಲ. ಶಾನಭಾಗರು ಹಿಡಿದಿರುವ ಭಯ ಅಲ್ಲಿಯದು.

ಕೊರತೆ ಇಲ್ಲವೆಂದಲ್ಲ. ಕಾಫಿ ಹೌಸಿನ ಮಾಣಿ ವಿನ್ಸೆಂಟ್ ಹೊತ್ತುಹೊತ್ತಿಗೆ ಒದಗಿಸುವ ಗೂಢ ಮಾತುಗಳು ಲೇಖಕರಿಗೆ ತುಸು ಹೆಚ್ಚೇ ಅನುಕೂಲ ಮಾಡಿಕೊಡುತ್ತವೆ. ನಿರೂಪಕನ ಮೌನವೇ ಇಷ್ಟು ಹೇಳುತ್ತಿರುವಾಗ ಆ ಸುಳಿವುಗಳು ನನಗೆ ಬೇಕೆನಿಸಲಿಲ್ಲ.