ಕಾಲ ಬುಡದ ಕೆಂಪು ದೀಪ

ಗಿಟಾರಿನ ನಾದವನ್ನು ಒರಟು ಮಾಡುವ, ಅಲೆಯಂತೆ ತೂಗಿಸುವ, ಗುಡ್ಡದಾಚೆಯಿಂದ ಮರುದನಿ ಬಂದಂತೆ ಕೇಳಿಸುವ ಒಂದು ಪುಟ್ಟ ಪೆಟ್ಟಿಗೆಯಿದೆ. ಅದನ್ನು ಕಾಲಿನಿಂದ ಒತ್ತಬೇಕಾದ್ದರಿಂದ ಹುಡುಗರು ‘ಪೆಡಲ್’ ಎನ್ನುತ್ತಾರೆ. ಅಂಗಡಿಯ ಪೆಡಲು ದುಬಾರಿ. ಆದುದರಿಂದ ಮಣಿಪಾಲದ ಇಂಜಿನಿಯರಿಂಗ್ ಹುಡುಗನಾಗಲಿ, ಕಾರ್ಕಳದ ಕಡೆಯ ರಸಮಂಜರಿಗಳಲ್ಲಿ ನುಡಿಸುವವನಾಗಲಿ ಒಂದಲ್ಲ ಒಂದು ದಿನ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತರಿಸಿ ತಾನೇ ಬೆಸುಗೆ ಹಾಕಲು ಕೂರುವುದು ಸಹಜ. ನಾದ ಬಂದ ಮೇಲೆ ಅವನಿಗೆ ಹೊಳೆಯುವುದು, ಇದಕ್ಕೊಂದು ದೀಪ ಬೇಡವೇ ಎಂದು. ನನ್ನ ಚರ್ಚೆ ಆ ದೀಪದ ಕುರಿತು.

ಕಿವಿಯೇ ನ್ಯಾಯಾಧೀಶನಾಗಿರುವ ಕಲೆಯಲ್ಲಿ ಕಣ್ಣಿಗೇನು ಕೆಲಸ ಎಂದು ಕೇಳುವವರಿದ್ದಾರೆ. ಯಕ್ಷಗಾನದ ಹಿಮ್ಮೇಳ ನೋಡಿ ಬೆಳೆದ ನಮ್ಮ ಊರಿನವರಿಗೆ ಈ ಪ್ರಶ್ನೆ ಇನ್ನೂ ಸಹಜ. ಚೆಂಡೆಗೆ ದೀಪವಿಲ್ಲ, ಮದ್ದಲೆಗೆ ದೀಪವಿಲ್ಲ. ಭಾಗವತರ ಪಕ್ಕದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯಲ್ಲಿ ಒಂದು ದೀಪ ಮಿನುಗುತ್ತಿರಬಹುದು. ಅದು ಆರಿಹೋದರೂ ಪದ್ಯ ನಿಲ್ಲುವುದಿಲ್ಲ. ಶ್ರುತಿ ಎಡೆಬಿಡದೆ ಕೇಳುತ್ತಿರುವಾಗ ಪೆಟ್ಟಿಗೆ ಚಾಲೂ ಇದೆಯೆಂದು ಬೇರೆ ಸಾಕ್ಷಿ ಯಾಕೆ?

ಆದರೆ ಪೆಡಲಿನ ಸಂಗತಿ ಹಾಗಲ್ಲ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ತಂತಿ ಮೌನವಾಗಿರುತ್ತದೆ. ಕತ್ತಲಲ್ಲಿ ಕಾಲು ಗುಂಡಿಯನ್ನು ಒತ್ತಿದೆ; ಅದು ಹತ್ತಿತೋ, ಆರಿತೋ? ಒಮ್ಮೆ ಒತ್ತಿದರೆ ಚಾಲೂ, ಮತ್ತೊಮ್ಮೆ ಒತ್ತಿದರೆ ಬಂದ್ ಆಗುವ ಈ ಸ್ವಿಚ್ಚಿನ ನಿಲುವು ಪಾದಕ್ಕೆ ತಿಳಿಯುವಂಥದ್ದಲ್ಲ. ಕಿವಿ ಸಾಕ್ಷಿ ಹೇಳಬೇಕಾದರೆ ತಂತಿ ಮೀಟಬೇಕು. ಮೀಟಿದ ಮೇಲೆ ಗೊತ್ತಾದರೆ, ಮೃದುವಾಗಿ ಮೊದಲಾಗಬೇಕಿದ್ದ ಭಾವಗೀತೆಗೆ ಗರಗಸದ ದನಿ ಬಂದು, ಎದುರಿನ ಸಭೆಗೂ ಅದೇ ಕ್ಷಣದಲ್ಲಿ ಗೊತ್ತಾಗಿರುತ್ತದೆ. ಇನ್ನೂ ಹುಟ್ಟದ ನಾದದ ಸುದ್ದಿಯನ್ನು ಮೊದಲೇ ತಿಳಿಸುವುದೇ ಈ ದೀಪದ ಕೆಲಸ. ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭದ ಕೆಲಸವೂ ಅಂಥದ್ದೇ: ಕಲ್ಲು ಇದೆಯೆಂಬುದು ದೋಣಿಯ ತಳಕ್ಕೆ ತಿಳಿಯುವ ಮೊದಲು ನಾವಿಕನ ಕಣ್ಣಿಗೆ ತಿಳಿಯಬೇಕು.

ಹಳೆಯ ಪೆಡಲುಗಳಲ್ಲಿ ದೀಪವಿರಲಿಲ್ಲ ಎಂಬ ವಾದವನ್ನೂ ಕೇಳಿದ್ದೇನೆ. ನಿಜ. 1966ರ ಪ್ರಸಿದ್ಧ ‘ಫಜ್ ಫೇಸ್’ನಲ್ಲಿ ಇರಲಿಲ್ಲ. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು ನಿಕ್ ಹೊಲೊನ್ಯಾಕ್ ಅಮೆರಿಕದಲ್ಲಿ ತೋರಿಸಿದ್ದೇ 1962ರಲ್ಲಿ. ಅದು ಅಗ್ಗವಾಗಲು ವರ್ಷಗಳು ಹಿಡಿದವು. ಇಲ್ಲದ್ದನ್ನು ಬಿಟ್ಟವರನ್ನು ವೈರಾಗಿಗಳೆಂದು ಹೊಗಳಬೇಕಾಗಿಲ್ಲ.

ನನ್ನ ತಕರಾರು ದೀಪ ಇಡುವುದರ ಬಗ್ಗೆ ಅಲ್ಲ, ಸುಳ್ಳು ಹೇಳುವ ದೀಪ ಇಡುವುದರ ಬಗ್ಗೆ. ಮನೆಯಲ್ಲಿ ಮಾಡಿದ ಪೆಡಲುಗಳಲ್ಲಿ ಸುಲಭದ ದಾರಿಯೆಂದರೆ ಎಲ್‌ಇಡಿಯನ್ನು ನೇರವಾಗಿ ಬ್ಯಾಟರಿಗೇ ಜೋಡಿಸಿಬಿಡುವುದು. ಆಗ ವಯರು ಚುಚ್ಚಿದೊಡನೆ ದೀಪ ಉರಿಯುತ್ತದೆ, ಕಾಲು ಒತ್ತಿದರೂ ಉರಿಯುತ್ತದೆ, ಒತ್ತದಿದ್ದರೂ ಉರಿಯುತ್ತದೆ. ನೋಡಲು ಚಂದ, ನುಡಿಸುವವನಿಗೆ ಬೇಕಾದ ಒಂದೇ ಒಂದು ಮಾತನ್ನು ಮಾತ್ರ ಅದು ಹೇಳುವುದಿಲ್ಲ. ಇದಕ್ಕೆ ಸ್ವಿಚ್ಚೂ ಕಾರಣ. ಆರು ಕಾಲಿನ ಸ್ವಿಚ್ಚಿನಲ್ಲಿ ಎರಡು ಸಾಲುಗಳಿದ್ದು, ನಾದದ ಒಳದಾರಿ ಹೊರದಾರಿಗಳಿಗೇ ಎರಡೂ ಮುಗಿದುಹೋಗುತ್ತವೆ. ದೀಪಕ್ಕೆ ಒಂಬತ್ತು ಕಾಲಿನ, ಮೂರು ಸಾಲಿನ ಸ್ವಿಚ್ಚು ಬೇಕು. ಮೂರನೆಯ ಸಾಲಿಗೆ ದೀಪ ಕಟ್ಟಿದರೆ ನಾದದ ದಾರಿ ತಿರುಗಿದಾಗ ದೀಪವೂ ತಿರುಗುತ್ತದೆ. ಬೆಲೆ ಸ್ವಲ್ಪ ಹೆಚ್ಚು, ಕೊಡಬೇಕು. ಆರು ಕಾಲಿನದರಲ್ಲೇ ಒಂದು ಟ್ರಾನ್ಸಿಸ್ಟರ್ ಸೇರಿಸಿ ಕೆಲಸ ಸಾಧಿಸುವ ಉಪಾಯವನ್ನು ಆರ್.ಜಿ. ಕೀನ್ ಎಂಬಾತ ತೋರಿಸಿಕೊಟ್ಟಿದ್ದಾನೆ. ಜಾಣತನದ್ದೇ, ಆದರೆ ಹೊಸಬರು ಮೂರು ಸಾಲಿನದನ್ನೇ ಹಿಡಿಯುವುದು ಒಳಿತು.

ಇಷ್ಟಾದರೂ ಆ ದೀಪ ಹೇಳುವುದು ಸ್ವಿಚ್ಚಿನ ಸುದ್ದಿಯನ್ನು, ನಾದದ ಸುದ್ದಿಯನ್ನಲ್ಲ. ಒಳಗೆ ಒಂದು ಬೆಸುಗೆ ಬಿಟ್ಟಿದ್ದರೆ ದೀಪ ಝಗಝಗ ಉರಿಯುತ್ತಲೇ ಇರುತ್ತದೆ, ಸ್ಪೀಕರು ಮೂಕವಾಗಿರುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆಯಲ್ಲಿ ಲೋಹದ ಸಂಪರ್ಕಗಳು ಕಿಲುಬು ಹಿಡಿಯುವ ಬಗೆ ಬಲ್ಲವರು ಇದನ್ನು ನೆನಪಿಡಬೇಕು.

ಇನ್ನು ಖರ್ಚು. ‘ಫಜ್ ಫೇಸ್’ ಮಾದರಿಯ ಎರಡು ಟ್ರಾನ್ಸಿಸ್ಟರಿನ ಪೆಡಲು ಕುಡಿಯುವ ವಿದ್ಯುತ್ತು ಒಂದು ಮಿಲಿಆಂಪಿಯರಿನ ಆಸುಪಾಸು. 9 ವೋಲ್ಟ್ ಬ್ಯಾಟರಿಗೆ 1 ಕಿಲೋಓಮಿನ ರೆಸಿಸ್ಟರ್ ಸೇರಿಸಿ ಕೆಂಪು ಎಲ್‌ಇಡಿ ಕಟ್ಟಿದರೆ, ದೀಪವು ತನಗೆ ಬೇಕಾದ 2 ವೋಲ್ಟ್ ಇಟ್ಟುಕೊಂಡು, ಉಳಿದ 7 ವೋಲ್ಟಿನ ಲೆಕ್ಕದಲ್ಲಿ 7 ಮಿಲಿಆಂಪಿಯರ್ ಎಳೆಯುತ್ತದೆ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. 500 ಮಿಲಿಆಂಪಿಯರ್-ಗಂಟೆಯ ಒಳ್ಳೆಯ ಬ್ಯಾಟರಿ, ದೀಪವಿಲ್ಲದೆ ಸುಮಾರು 500 ಗಂಟೆ ಬರುವಂಥದ್ದು, 60 ಗಂಟೆಗೆ ಇಳಿಯುತ್ತದೆ. ಈಗಿನ ಎಲ್‌ಇಡಿಗಳು ಒಂದು ಮಿಲಿಆಂಪಿಯರಿಗೇ ಚೆನ್ನಾಗಿ ಕಾಣುತ್ತವೆ, 4.7 ಕಿಲೋಓಮ್ ಹಾಕಿದರೆ ಒಂದೂವರೆಯಲ್ಲಿ ಮುಗಿಯಿತು, ಬ್ಯಾಟರಿ 200 ಗಂಟೆ ಬಂತು. ದೀಪ ಹತ್ತುವಾಗ ಸ್ಪೀಕರಿನಲ್ಲಿ ‘ಟಪ್’ ಎನ್ನುವ ಸದ್ದು ಬರುತ್ತಿದ್ದರೆ ಅದೂ ಇದರಿಂದ ತಗ್ಗುತ್ತದೆ.

ಬಣ್ಣದ ವಿಷಯದಲ್ಲಿ ನಾನು ಹಳಬ. ಪ್ರಕಾಶಮಾನವಾದ ನೀಲಿ ಎಲ್‌ಇಡಿ ಜಪಾನಿನಲ್ಲಿ 1990ರ ದಶಕದ ಮೊದಲ ಭಾಗದಲ್ಲಿ ಸಿದ್ಧಿಸಿತು. 2014ರಲ್ಲಿ ಅದಕ್ಕೆ ನೊಬೆಲ್ ಕೂಡ ಬಂತು. ಸಂತೋಷ. ಆದರೆ ಕತ್ತಲ ರಂಗದಲ್ಲಿ ಬಗ್ಗಿ ನೋಡಿದರೆ ಆ ನೀಲಿ ಕಣ್ಣಿಗೆ ಚುಚ್ಚುತ್ತದೆ, ಪಕ್ಕದ ಗುಂಡಿಗಳ ಮೇಲಿನ ಗುರುತು ಕಾಣದಂತಾಗುತ್ತದೆ. ಐದಾರು ಪೆಡಲು, ಒಂದೊಂದಕ್ಕೆ ಮೂರು ಮೂರು ಬಣ್ಣ ಎಂದಾದರೆ ಅದು ಜಾತ್ರೆಯ ಗೇಟಿಗೆ ಕಟ್ಟಿದ ಸೀರಿಯಲ್ ಸೆಟ್ಟೇ ಸರಿ; ಯಾವುದು ಹತ್ತಿದೆ ಎಂದು ಹುಡುಕುವಷ್ಟರಲ್ಲಿ ಪಲ್ಲವಿ ಮುಗಿದಿರುತ್ತದೆ. ಪೆಡಲಿಗೊಂದು, ಮಂಕಾದ ಕೆಂಪು ಸಾಕು. ಅದನ್ನು ಗುಂಡಿಯ ಈಚೆಗೆ ಕೊರೆದರೆ ಪಾದವೇ ಮುಚ್ಚಿಬಿಡುತ್ತದೆ. ಗುಂಡಿಯ ಆಚೆ ಬದಿಗೆ, ಬೆರಳ ತುದಿಗಿಂತ ಎರಡು ಅಂಗುಲ ಮುಂದೆ ತೂತು ಕೊರೆಯಬೇಕು, ಡಬ್ಬಿಗೆ ಬಣ್ಣ ಹೊಡೆಯುವ ಮೊದಲೇ.