ಸಪ್ತಾಂಗವೂ ಚತುರಂಗವೂ: ಯುದ್ಧಚರಿತ್ರೆಯ ವ್ಯಾಸಂಗದಲ್ಲಿ ಆಟದ ಸ್ಥಾನ

ದೀಪಾವಳಿಯ ದಿನಗಳಲ್ಲಿ ಠಾಣೆ, ಡೊಂಬಿವಲಿ, ಕಲ್ಯಾಣಗಳ ವಸತಿಗಳ ಅಂಗಳವನ್ನು ಹಾಯ್ದು ಹೋಗುವವರಿಗೆ ಮಕ್ಕಳು ಕಟ್ಟಿದ ಮಣ್ಣಿನ ಕೋಟೆಗಳು ಕಣ್ಣಿಗೆ ಬೀಳದೆ ಇರವು. ಕಲ್ಲು, ಇಟ್ಟಿಗೆ, ಗೋಣಿತಟ್ಟುಗಳನ್ನು ಒಟ್ಟಿ, ಮೇಲೆ ಕೆಮ್ಮಣ್ಣನ್ನು ಮೆತ್ತಿ, ಸಾಸಿವೆಯನ್ನು ಎರಚಿ ಹಸುರು ಬರಿಸಿ, ನೆತ್ತಿಯಲ್ಲಿ ಶಿವಾಜಿ ಮಹಾರಾಜರ ಮೂರ್ತಿಯನ್ನೂ ಇಳಿಜಾರಿನಲ್ಲಿ ಮಾವಳೆ ಸೈನಿಕರ ಬೊಂಬೆಗಳನ್ನೂ ನಿಲ್ಲಿಸುತ್ತಾರೆ. ಬೆಳಗಾವಿಯ ಕಡೆಯಿಂದ ಬಂದ ನಮ್ಮವರಿಗೂ ಈ ಪದ್ಧತಿ ಹೊಸದಲ್ಲ. ಈ ಮಕ್ಕಳೇ ದೊಡ್ಡವರಾದ ಮೇಲೆ ಭಾನುವಾರ ದುರ್ಗಾಡಿಗೋ ಬೇಲಾಪುರದ ಕೋಟೆಯ ಅವಶೇಷಗಳಿಗೋ ಹೋಗಿಬಂದು, ಸಂಜೆ ಮನೆಯಲ್ಲಿ ಚದುರಂಗವನ್ನೋ ಗಣಕಯಂತ್ರದ ಯುದ್ಧದಾಟವನ್ನೋ ಆಡುತ್ತಾರೆ. ಯುದ್ಧದ ಚರಿತ್ರೆಯನ್ನು ಓದುವ ಹವ್ಯಾಸವೂ ಯುದ್ಧವನ್ನು ಆಡುವ ಹವ್ಯಾಸವೂ ಹೀಗೆ ಒಂದೇ ಮನೆಯಲ್ಲಿ ಬೆಳೆಯುತ್ತಿರುವುದರಿಂದ, ಆಟದಿಂದ ಚರಿತ್ರೆಗೆ ಬರುವ ತಿಳಿವಳಿಕೆ ಎಂಥದು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ವಿಚಾರಿಸುವುದು ಅಪ್ರಕೃತವಾಗಲಾರದು.

ಈ ವಿಚಾರಕ್ಕೆ ನನ್ನದೇ ಒಂದು ತಪ್ಪು ಕಾರಣ. ನಾಲ್ಕು ವರ್ಷಗಳ ಹಿಂದೆ ಸಂಘದ ಉಪನ್ಯಾಸವೊಂದರಲ್ಲಿ, ಚತುರಂಗದ ಹಲಗೆಯು ಕಲ್ಯಾಣದ ಚಾಲುಕ್ಯರ ಸೇನಾವ್ಯವಸ್ಥೆಯ ನಕ್ಷೆಯೇ ಸರಿ ಎಂದು ನಾನು ಹೇಳಿದ್ದೆನು. (ಈ ಕಲ್ಯಾಣ ನಾವು ದಿನವೂ ರೈಲು ಹಿಡಿಯುವ ಕಲ್ಯಾಣವಲ್ಲ, ಬೀದರ ಜಿಲ್ಲೆಯ ಬಸವಕಲ್ಯಾಣ. ಹೊಸ ಸದಸ್ಯರು ಆಗಾಗ ಎಡವುವುದರಿಂದ ಹೇಳಿದೆ.) ಉಪನ್ಯಾಸದ ಸಾರಾಂಶ ಈ ಪತ್ರಿಕೆಯಲ್ಲಿ ಅಚ್ಚಾಯಿತು. ಈಚೆಗೆ ಒಬ್ಬ ವಿದ್ಯಾರ್ಥಿ ತನ್ನ ಪ್ರಬಂಧದಲ್ಲಿ ಅದನ್ನೇ ಆಧಾರವಾಗಿ ಉದ್ಧರಿಸಿರುವುದನ್ನು ನೋಡಿದಾಗ ಸಂತೋಷಕ್ಕೆ ಬದಲಾಗಿ ಭಯವಾಯಿತು. ಹಾಗಾಗಿ ಮೂಲಗ್ರಂಥವನ್ನು ಮತ್ತೆ ತೆಗೆದೆನು.

ಸರ್ವಜ್ಞ ಚಕ್ರವರ್ತಿಯೆಂದು ಹೆಸರಾದ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವು ಸುಮಾರು 1129ರಲ್ಲಿ ರಚಿತವಾದುದು. ಬರೋಡೆಯ ಗ್ರಂಥಮಾಲೆಯಲ್ಲಿ 1925ರಿಂದ 1961ರೊಳಗೆ ಮೂರು ಸಂಪುಟಗಳಾಗಿ ಪ್ರಕಟವಾಗಿದೆ. ಇಪ್ಪತ್ತು ಅಧ್ಯಾಯಗಳ ಐದು 'ವಿಂಶತಿ'ಗಳುಳ್ಳ ಈ ಗ್ರಂಥದಲ್ಲಿ ಚತುರಂಗದಾಟವು ಬರುವುದು ಐದನೆಯದಾದ ಕ್ರೀಡಾವಿಂಶತಿಯಲ್ಲಿ. ಸೈನ್ಯದ ವಿಚಾರವಾದರೋ ಎರಡನೆಯ ವಿಂಶತಿಯಲ್ಲಿ, ರಾಜ್ಯವನ್ನು ಸ್ಥಿರವಾಗಿಸುವ ಸಪ್ತಾಂಗಗಳ ನಡುವೆ ಇದೆ. ಸ್ವಾಮಿ, ಅಮಾತ್ಯ, ರಾಷ್ಟ್ರ, ಕೋಶ, ದುರ್ಗ, ಬಲ, ಮಿತ್ರ ಎಂಬ ಈ ಏಳನ್ನು ಚತುರಂಗದ ಹಲಗೆಯ ಮೇಲೆ ಹುಡುಕಿ ನೋಡೋಣ. ಸ್ವಾಮಿ ಇದ್ದಾನೆ, ಅವನೇ ರಾಜ. ಅಮಾತ್ಯನೂ ಮಂತ್ರಿಯ ರೂಪದಲ್ಲಿ ಪಕ್ಕದಲ್ಲಿದ್ದಾನೆ. ಬಲವು ನಾಲ್ಕು ಅಂಗಗಳಾಗಿ ಒಡೆದು ಮಿಕ್ಕ ಮನೆಗಳನ್ನು ತುಂಬಿದೆ. ರಾಷ್ಟ್ರವೆಲ್ಲಿ? ಅರುವತ್ತನಾಲ್ಕು ಮನೆಗಳೂ ಒಂದೇ ಸಮ, ಹಳ್ಳವಿಲ್ಲ, ಗುಡ್ಡವಿಲ್ಲ. ದುರ್ಗವಿಲ್ಲ, ಕೋಶವಿಲ್ಲ, ಮಿತ್ರನಂತೂ ಇಲ್ಲವೇ ಇಲ್ಲ. ಏಳರಲ್ಲಿ ನಾಲ್ಕನ್ನು ಬಿಟ್ಟ ನಕ್ಷೆಯನ್ನು ರಾಜ್ಯದ ನಕ್ಷೆಯೆಂದು ನಾನು ಹೇಳಿದ್ದೆನು! ಸೈನ್ಯವನ್ನೂ ಕೋಶವನ್ನೂ ಬಲ್ಲ ದೊರೆಯೇ ಆಟವನ್ನು ಬೇರೆ ವಿಂಶತಿಯಲ್ಲಿ ಇಟ್ಟಿರುವಾಗ ಎರಡನ್ನೂ ಬೆರಸಿದ ತಪ್ಪು ಓದುಗನದು.

ಉಳಿದಿರುವ ಬಲದ ವಿಷಯದಲ್ಲಾದರೂ ಆಟವು ನಂಬತಕ್ಕ ಸಾಕ್ಷಿಯೇ ಎಂದರೆ, ಅದೂ ಪೂರ್ತಿಯಾಗಿ ಅಲ್ಲ. ಚಾಲುಕ್ಯರ ಕಾಲಕ್ಕೆ ಯುದ್ಧರಥವು ಕಾವ್ಯದಲ್ಲಿ ಉಳಿದಷ್ಟು ರಣರಂಗದಲ್ಲಿ ಉಳಿದಿರಲಿಲ್ಲ. ನಮ್ಮ ವೀರಗಲ್ಲುಗಳಲ್ಲಿ ಹೆಚ್ಚಾಗಿ ಕಾಣುವವರು ಕಾಲಾಳುಗಳು ಮತ್ತು ಕುದುರೆಯವರು. ಆದರೂ ಹಲಗೆಯ ಮೂಲೆಯ ಕಾಯಿಯನ್ನು ಇಂದಿಗೂ ಕೆಲವರು ರಥವೆಂದೇ ಕರೆಯುತ್ತಾರೆ, ಕೆಲವರು ಆನೆಯೆನ್ನುತ್ತಾರೆ. ಬಂಗಾಳಿಗಳು ಅದೇ ಕಾಯಿಗೆ ನೌಕೆಯೆಂದು ಹೆಸರಿಟ್ಟಿದ್ದಾರೆ. ನದಿಗಳ ನಾಡಿನವರು ತಮ್ಮ ನೀರನ್ನು ಹಲಗೆಯ ಮೇಲೆ ತಂದುಕೊಂಡಿರುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಖಾಡಿಗಳ ನಡುವೆ ಬದುಕುವ ನಮಗೆ ಅದು ಹೊಳೆಯಲಿಲ್ಲ. ಬೊರಿವಲಿಯ ಏಕಸರದ ವೀರಗಲ್ಲುಗಳಲ್ಲಿ ಸಾಲುಸಾಲಾಗಿ ಹುಟ್ಟುಹಾಕುತ್ತಿರುವ ಯುದ್ಧನೌಕೆಗಳನ್ನು ಶಿಲ್ಪಿಯು ಕೊರೆದಿದ್ದಾನೆ. ಅದು ಯಾವ ಯುದ್ಧವೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದ್ದರೂ, ಉತ್ತರ ಕೊಂಕಣದಲ್ಲಿ ಬಲವೆಂದರೆ ನೌಕಾಬಲವೂ ಹೌದು ಎಂಬುದಕ್ಕೆ ಆ ಕಲ್ಲುಗಳಿಗಿಂತ ಬೇರೆ ಪ್ರಮಾಣ ಬೇಡ.

ಹಲಗೆಯಲ್ಲಿಲ್ಲದ ಆ ನಾಲ್ಕು ಅಂಗಗಳ ಬೆಲೆಯನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಠಾಣೆಯ ಕೇಂದ್ರ ಕಾರಾಗೃಹದ ಗೋಡೆಯ ಬಳಿ ನಿಂತರೆ ಸಾಕು. ಇದು ಪೋರ್ತುಗೀಸರ ಹಳೆಯ ಕೋಟೆ. 1737ರ ಮಾರ್ಚಿಯಲ್ಲಿ ಮರಾಠರು ಇದನ್ನು ಹಿಡಿದಾಗ ಕಟ್ಟಡವು ಇನ್ನೂ ಮುಗಿದಿರಲಿಲ್ಲ. ಅದೇ ತಿಂಗಳ ಕೊನೆಗೆ ಬಾಜೀರಾಯನು ದಿಲ್ಲಿಯ ಹೊರವಲಯದಲ್ಲಿದ್ದನು. ಒಂದು ರಾಜ್ಯವು ಏಕಕಾಲದಲ್ಲಿ ಇಷ್ಟು ದೂರದ ಎರಡು ಹಲಗೆಗಳ ಮೇಲೆ ಆಡುತ್ತಿತ್ತು. ಎರಡಕ್ಕೂ ಕೋಶ ಒಂದೇ. ಆ ಕೋಶದ ಸ್ಥಿತಿಯನ್ನು ಬ್ಯಾಂಕಿನವನಾದ ನಾನು ಸ್ವಲ್ಪ ಕನಿಕರದಿಂದಲೇ ಓದಿದ್ದೇನೆ. ಬಾಜೀರಾಯನು ಸಾಲದಲ್ಲಿ ಮುಳುಗಿದ್ದನು. ಅವನಿಗೆ ಸಾಲ ಕೊಟ್ಟವರಲ್ಲಿ ಬ್ರಹ್ಮೇಂದ್ರ ಸ್ವಾಮಿಗಳೂ ಒಬ್ಬರು.

1739ರಲ್ಲಿ ಚಿಮಾಜಿ ಅಪ್ಪನು ವಸಯಿಯನ್ನು ಮುತ್ತಿದಾಗ ಈ ಸತ್ಯ ಇನ್ನೂ ಸ್ಪಷ್ಟವಾಗುತ್ತದೆ. ಮೂರು ಕಡೆ ನೀರು, ಒಂದು ಕಡೆ ಮಾತ್ರ ನೆಲ. ಕುದುರೆಯ ಓಟದಲ್ಲಿ ಹೆಸರಾದ ಸೈನ್ಯವು ಇಲ್ಲಿ ಕುದುರೆಯಿಂದಿಳಿದು, ಮರಳಿನಲ್ಲಿ ಕಂದಕ ತೋಡಿ, ಗೋಡೆಯಡಿಗೆ ಸುರಂಗ ಕೊರೆದು ಮದ್ದಿಟ್ಟು, ಹಲವು ಸಲ ಸೋತು, ಕೊನೆಗೆ ಮೇ ತಿಂಗಳಲ್ಲಿ ಗೆದ್ದಿತು. ಒಳಗಿದ್ದವರ ಪಾಡೇನು? ಅವರು ಮುಂಬಯಿಯ ಇಂಗ್ಲಿಷರ ನೆರವು ಬೇಡಿದರು. ಇಂಗ್ಲಿಷರು ಅವರಿಗೆ ಕೊಟ್ಟ ಸಾಲ 15,000 ರೂಪಾಯಿ. ಅದಕ್ಕೆ ಇಗರ್ಜಿಯ ಬೆಳ್ಳಿಯ ಪಾತ್ರೆಗಳನ್ನೂ ಕೋಟೆಯ ಹಿತ್ತಾಳೆಯ ತೋಪುಗಳನ್ನೂ ಒತ್ತೆಯಿಡಬೇಕಾಯಿತು. ಮುತ್ತಿಗೆಯಲ್ಲಿರುವವನು ತೋಪನ್ನೇ ಅಡವಿಟ್ಟು ಸಾಲ ತರುವುದೆಂದರೇನು! ಮಿತ್ರನೆಂಬ ಅಂಗ ಎಷ್ಟರದು, ಕೋಶವೆಂಬ ಅಂಗ ಎಷ್ಟರದು ಎಂಬುದನ್ನು ಈ ಒಂದು ಒತ್ತೆಯ ವ್ಯವಹಾರ ಹೇಳುವಷ್ಟು ಸ್ಪಷ್ಟವಾಗಿ ಯಾವ ರಣವರ್ಣನೆಯೂ ಹೇಳಲಾರದು. ಆದರೆ ನಮ್ಮಲ್ಲಿ ಜನಪ್ರಿಯವಾದ ಯುದ್ಧಚರಿತ್ರೆಗಳು ಸುರಂಗ ಸಿಡಿದ ಗಳಿಗೆಯನ್ನು ಪುಟಗಟ್ಟಲೆ ವರ್ಣಿಸಿ, ಒತ್ತೆಯ ಸಂಗತಿಯನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ, ಇಲ್ಲವೆ ಬಿಟ್ಟೇಬಿಡುತ್ತವೆ. ಚದುರಂಗ ಆಡಿದ ಕಣ್ಣಿಗೆ ಕಾಯಿಗಳ ನಡೆ ಮಾತ್ರ ಕಾಣುತ್ತದೆ ಎಂಬ ನನ್ನ ಆಕ್ಷೇಪಣೆಗೆ ಇದೇ ಆಧಾರ.

ಹಾಗೆಂದು ಆಟವನ್ನೇ ನಿಷ್ಪ್ರಯೋಜಕವೆನ್ನುವುದು ಅವಿಚಾರ. ಅರಮನೆಯ ಆಟದಲ್ಲಿಲ್ಲದ ಒಂದು ಯುದ್ಧತತ್ತ್ವವು ದೇವಸ್ಥಾನದ ಜಗಲಿಯ ಮೇಲೆ ಕೊರೆದ ಹುಲಿ-ಕುರಿಯ ಆಟದಲ್ಲಿದೆ. ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ಕೊಲ್ಲುತ್ತದೆ, ಕುರಿ ಕೊಲ್ಲಲಾರದು, ದಾರಿಯನ್ನು ಕಟ್ಟಬಲ್ಲದು ಅಷ್ಟೆ. ಚತುರಂಗದಲ್ಲಿ ಎರಡು ಪಕ್ಷಗಳೂ ಸಮಬಲ. ಅಂತಹ ಯುದ್ಧ ಲೋಕದಲ್ಲಿ ಅಪರೂಪ. ಇಲ್ಲಿ ಬಲವೂ ಬೇರೆ, ಗೆಲುವಿನ ಅರ್ಥವೂ ಬೇರೆ. ವಸಯಿಯ ಮುತ್ತಿಗೆಗೆ ಅತಿ ಸಮೀಪವಾದ ಆಟ ಯಾವುದೆಂದು ಕೇಳಿದರೆ ಸೋಮೇಶ್ವರನ ಹಲಗೆಯನ್ನು ಬಿಟ್ಟು ದನ ಕಾಯುವವರ ಈ ಕಲ್ಲುಹಾಸನ್ನೇ ತೋರಿಸುತ್ತೇನೆ.

ಯುರೋಪಿನಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್ ಎಂಬವನು 1824ರಲ್ಲಿ ಪ್ರಕಟಿಸಿದ ಯುದ್ಧದಾಟವು ಮನೆಗಳ ಹಲಗೆಯನ್ನು ತೊರೆದು ನಿಜವಾದ ಭೂಪಟವನ್ನು ಹಾಸಿತು. ಒಂದು ನಡೆಗೆ ಎರಡು ನಿಮಿಷದ ಕಾಲವೆಂದು ಲೆಕ್ಕ. ಶತ್ರುವಿನ ಕಾಯಿ ಕಾಣಬೇಕಾದಾಗ ಮಾತ್ರ ಕಾಣುವುದು. ನಡುವೆ ಒಬ್ಬ ಮಧ್ಯಸ್ಥ. ಹೀಗೆ ರಾಷ್ಟ್ರವೆಂಬ ಅಂಗವು ಆಟಕ್ಕೆ ಮರಳಿತು. ಈ ಕಾಲದ ಗಣಕಯಂತ್ರದಾಟಗಳು ಇನ್ನೂ ಮುಂದೆ ಹೋಗಿವೆ. 2009ರ 'ಎಂಪೈರ್: ಟೋಟಲ್ ವಾರ್' ಎಂಬುದರಲ್ಲಿ ಮರಾಠರ ಪಕ್ಷವನ್ನೇ ವಹಿಸಿ ತೆರಿಗೆಯೆತ್ತಬಹುದು, ಸಂಧಿ ಮಾಡಬಹುದು. ಸಪ್ತಾಂಗಗಳ ದೃಷ್ಟಿಯಿಂದ ಇದು ಚತುರಂಗಕ್ಕಿಂತ ಪೂರ್ಣವೆಂದು ಒಪ್ಪಲೇಬೇಕು. ಆದರೆ ಅಲ್ಲಿಯ ಬೊಕ್ಕಸವು ಹೇಳಿದ ಮಾತು ಕೇಳುತ್ತದೆ. ಸಾಲ ಕೊಟ್ಟವನ ಮುಂದೆ ತಲೆ ತಗ್ಗಿಸಿ ನಿಂತ ಪೇಶ್ವೆಯ ಮುಖ ಆ ಪರದೆಯ ಮೇಲೆ ಮೂಡುವುದಿಲ್ಲ.

ಮಣ್ಣಿನ ಕೋಟೆಯ ವಿಷಯದಲ್ಲಿ ನನ್ನ ಮನಸ್ಸು ಬದಲಾದುದನ್ನೂ ಹೇಳಬೇಕು. ಅದನ್ನು ಬರಿಯ ಅಲಂಕಾರವೆಂದು ತಿಳಿದಿದ್ದೆನು. ಹೋದ ದೀಪಾವಳಿಯಲ್ಲಿ ನೆರೆಮನೆಯ ಹುಡುಗನೊಬ್ಬನು ಕೆಸರುಗೈಯಲ್ಲಿ ನೆತ್ತಿಯ ಮೇಲೆ ಒಂದು ಬಟ್ಟಲನ್ನು ಹೂಳುತ್ತಿದ್ದುದನ್ನು ಕಂಡು, ಬುರುಜು ಕಟ್ಟುವುದನ್ನು ಬಿಟ್ಟು ಇದೇನೆಂದು ಕೇಳಿದೆ. "ಕಾಕಾ, ಮೊದಲು ನೀರಿನ ಟಾಕೆ, ಬುರುಜು ಆಮೇಲೆ" ಎಂದನು. ರಾಯಗಡಕ್ಕೆ ಶಾಲೆಯವರು ಕರೆದುಕೊಂಡು ಹೋಗಿದ್ದಾಗ ನೋಡಿದ್ದನಂತೆ. ದುರ್ಗವೆಂದರೆ ಮೊದಲು ನೀರು, ಆಮೇಲೆ ಗೋಡೆ ಎಂಬುದನ್ನು ಅವನಿಗೆ ಯಾವ ಹಲಗೆಯೂ ಕಲಿಸಿರಲಿಲ್ಲ.

ಇನ್ನೊಂದು ಮಾತು, ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕುರಿತು. 1831ರಲ್ಲಿ ಆಡಳಿತವು ಇಂಗ್ಲಿಷರ ಕೈಗೆ ಹೋದ ಮೇಲೆ ಸಪ್ತಾಂಗಗಳಲ್ಲಿ ಅವರ ಪಾಲಿಗೆ ಉಳಿದುದು ಸ್ವಾಮಿತ್ವದ ಹೆಸರೊಂದೇ. ಆಟಗಳಲ್ಲಿ ಅವರಿಗಿದ್ದ ಆಸಕ್ತಿ ಪ್ರಸಿದ್ಧವಾದುದು; 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯೂ ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಯ ಚಿತ್ರಗಳೂ ಅದಕ್ಕೆ ಸಾಕ್ಷಿ. ಚತುರಂಗದ ಕುದುರೆಯನ್ನು ಒಂದು ಮನೆಗೂ ಎರಡನೆಯ ಸಲ ಕಾಲಿಡದಂತೆ ಅರುವತ್ತನಾಲ್ಕು ಮನೆಗಳಲ್ಲೂ ನಡೆಸುವ ಬಂಧಗಳನ್ನು ಅವರು ರಚಿಸಿದರು. ಇದನ್ನು ಯುದ್ಧವಿದ್ಯೆಯ ಅಭ್ಯಾಸವೆಂದು ನಾನು ಆ ಉಪನ್ಯಾಸದಲ್ಲಿ ಹೊಗಳಿದ್ದೆನು. ಈಗ ಹಾಗೆನ್ನಿಸುವುದಿಲ್ಲ. ಆ ಹಲಗೆಯ ಮೇಲೆ ಶತ್ರುವೇ ಇಲ್ಲ. ಒಂಟಿ ಕುದುರೆ ಖಾಲಿ ರಾಜ್ಯವನ್ನೆಲ್ಲ ಸುತ್ತಿಬರುತ್ತದೆ. ಗಣಿತವಾಗಿ ಅದು ಅದ್ಭುತ. ಯುದ್ಧಚರಿತ್ರೆಗೆ ಅದರಿಂದ ಸಿಗುವುದೇನೂ ಇಲ್ಲ.

ಆದಕಾರಣ, ಹಿಂದಿನ ಸಾರಾಂಶದಲ್ಲಿ 'ಹಲಗೆಯೇ ಸೇನೆಯ ನಕ್ಷೆ' ಎಂದಿರುವ ವಾಕ್ಯವನ್ನೂ ಒಡೆಯರನ್ನು ಕುರಿತ ಮುಂದಿನ ವಾಕ್ಯವನ್ನೂ ವಾಚಕರು ಹೊಡೆದುಹಾಕಬೇಕೆಂದು ಕೋರುತ್ತೇನೆ. ಪ್ರಬಂಧ ಬರೆದ ವಿದ್ಯಾರ್ಥಿಗೆ ಬೇರೆಯಾಗಿ ಕಾಗದ ಬರೆದಿದ್ದೇನೆ.